ನೊರೆನೀರಿನ ಪಯಣಕ್ಕೆ ಪೂರ್ವಸಿದ್ಧತೆ

ನದಿಯನ್ನು ದಾಟುವುದು ಬೇರೆ, ನದಿಯೊಡನೆ ಸಾಗುವುದು ಬೇರೆ. ದಾಟುವವನಿಗೆ ಆಚೆಯ ದಡವೊಂದೇ ಗುರಿ. ನೀರು ಅವನ ಪಾಲಿಗೆ ನಡುವಣ ಅಡ್ಡಿ. ಸಾಗುವವನಿಗಾದರೋ ನೀರೇ ದಾರಿ, ನೀರೇ ವಾಹನ, ನೀರೇ ಎದುರಾಳಿ. ನಮ್ಮ ನಾಡಿನ ಜನ ಮೊದಲನೆಯ ವಿದ್ಯೆಯನ್ನು ಬಹುಕಾಲದಿಂದ ಬಲ್ಲರು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆಯುಳ್ಳ ಆ ಹರಿಗೋಲು ಜನರನ್ನಷ್ಟೇ ಅಲ್ಲದೆ ಕುದುರೆ, ಎತ್ತುಗಳನ್ನೂ ಆಚೆಯ ದಡ ಸೇರಿಸುತ್ತಿತ್ತು. ಆದರೆ ಹರಿಗೋಲಿನ ಅಂಬಿಗನು ಶಾಂತವಾದ ನೀರನ್ನು ಅರಸುತ್ತಾನೆ. ಬಂಡೆಗಳ ನಡುವೆ ನೊರೆಗರೆದು ಧುಮುಕುವ ನೀರನ್ನು ದೂರದಿಂದಲೇ ಕಂಡು ಹಿಂದೆ ಸರಿಯುತ್ತಾನೆ. ಅವನು ಬಿಟ್ಟುಬಿಡುವ ನೀರನ್ನೇ ಹುಡುಕಿಕೊಂಡು ಹೋಗುವ ಹೊಸ ವಿದ್ಯೆಯೊಂದು ಈಚಿನ ದಶಕಗಳಲ್ಲಿ ನಮ್ಮಲ್ಲಿಯೂ ರೂಢಿಗೆ ಬಂದಿದೆ. ಅದೇ ರಬ್ಬರ್ ತೆಪ್ಪದ ಪಯಣ, ಅರ್ಥಾತ್ ರ‍್ಯಾಫ್ಟಿಂಗ್.

ಉತ್ತರ ಕನ್ನಡದ ಕಾಳಿ ನದಿ, ಕೊಡಗಿನ ಬರಪೊಳೆ, ದೂರದ ಹೃಷೀಕೇಶದ ಗಂಗೆ - ಇವು ಇಂದು ಕನ್ನಡಿಗರು ಈ ಪಯಣಕ್ಕಾಗಿ ಹೆಚ್ಚಾಗಿ ಹೋಗುವ ತಾಣಗಳು. ಶಾಲಾ ಕಾಲೇಜುಗಳ ಪ್ರವಾಸಪಟ್ಟಿಯಲ್ಲಿಯೂ, ಹಳೆಯ ವಿದ್ಯಾರ್ಥಿಗಳ ಸಮಾಗಮಗಳಲ್ಲಿಯೂ ಇದು ಸೇರತೊಡಗಿದೆ. ಮಾರ್ಗದರ್ಶಿಯೊಬ್ಬನು ಜೊತೆಯಲ್ಲಿರುವುದರಿಂದ ನಾವು ಹಣ ತೆತ್ತು ಕುಳಿತರೆ ಸಾಕೆಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ಮಾರ್ಗದರ್ಶಿಯು ತೆಪ್ಪವನ್ನು ನಡೆಸಬಲ್ಲನು. ನೀರಿಗೆ ಬಿದ್ದವನ ಕೈಕಾಲುಗಳನ್ನು ನಡೆಸಲಾರನು. ಬಿದ್ದ ಮೊದಲ ಅರ್ಧ ನಿಮಿಷದಲ್ಲಿ ಬಿದ್ದವನು ತಾನೇ ಏನು ಮಾಡುವನೆಂಬುದರ ಮೇಲೆ ಅವನ ಕ್ಷೇಮ ಬಹುಪಾಲು ನಿಂತಿದೆ. ಆದುದರಿಂದ ಪೂರ್ವಸಿದ್ಧತೆಯು ಈ ಪಯಣದ ಅರ್ಧ ಭಾಗವೆಂದೇ ತಿಳಿಯಬೇಕು.

ಕಾಳಿ ನದಿಯ ವಿಶೇಷ

ನಮಗೆ ಸಮೀಪದ ಉದಾಹರಣೆಯಾಗಿ ಕಾಳಿ ನದಿಯನ್ನೇ ತೆಗೆದುಕೊಳ್ಳೋಣ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಪರಿಸರದಲ್ಲಿ ಹುಟ್ಟುವ ಈ ನದಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಗಣೇಶಗುಡಿಯಲ್ಲಿ ಇದಕ್ಕೆ ಅಡ್ಡಲಾಗಿ ಕಟ್ಟಿರುವ ಸೂಪಾ ಅಣೆಕಟ್ಟು ಸುಮಾರು 101 ಮೀಟರು ಎತ್ತರವುಳ್ಳದ್ದು. ಅದರ ಬುಡದಲ್ಲಿಯೇ ತಲಾ 50 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಯಂತ್ರಗಳುಳ್ಳ ವಿದ್ಯುದಾಗಾರವಿದೆ. ಯಂತ್ರವನ್ನು ತಿರುಗಿಸಿ ಹೊರಬಂದ ನೀರು ಕಾಡಿನ ನಡುವೆ ಬಂಡೆಗಳ ಮೇಲೆ ಹರಿದು, ದಾಂಡೇಲಿಯ ಬದಿಯಿಂದ ಸಾಗಿ, ಬೊಮ್ಮನಹಳ್ಳಿಯ ಜಲಾಶಯವನ್ನು ತಲಪುತ್ತದೆ. ಅಲ್ಲಿಂದ ಮುಂದೆ ನಾಗಝರಿ ವಿದ್ಯುದಾಗಾರಕ್ಕೆ ಒದಗುತ್ತದೆ. ತೆಪ್ಪದ ಪಯಣ ನಡೆಯುವುದು ಅಣೆಕಟ್ಟಿನ ಕೆಳಗಣ ಈ ಹರವಿನಲ್ಲಿ, ಗಣೇಶಗುಡಿಯಿಂದ ಕೆಳಕ್ಕೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಬೇಸಗೆಯಲ್ಲಿ ನಾಡಿನ ಇತರ ಹೊಳೆಗಳು ಬತ್ತಿದಾಗಲೂ ಕಾಳಿಯಲ್ಲಿ ನೀರಿರಲು ಕಾರಣ ಮಳೆಯಲ್ಲ, ವಿದ್ಯುತ್ ಉತ್ಪಾದನೆ. ಎರಡನೆಯದು ಇನ್ನೂ ಮುಖ್ಯವಾದುದು: ಇಲ್ಲಿನ ನೀರು ಮೋಡವನ್ನು ನೋಡಿ ಏರುವುದಿಲ್ಲ, ವಿದ್ಯುತ್ತಿನ ಬೇಡಿಕೆಯನ್ನು ನೋಡಿ ಏರುತ್ತದೆ. ಆಕಾಶ ನಿರ್ಮಲವಾಗಿದ್ದಾಗಲೂ, ಬೆಳಿಗ್ಗೆ ಮೊಣಕಾಲುದ್ದವಿದ್ದ ನೀರು ಮಧ್ಯಾಹ್ನಕ್ಕೆ ಎದೆಯುದ್ದವಾಗಬಹುದು. ಆದಕಾರಣ ಆ ದಿನ ಎಷ್ಟು ಹೊತ್ತಿಗೆ ಎಷ್ಟು ನೀರು ಬಿಡುತ್ತಾರೆಂಬುದನ್ನು ತಿಳಿಯದೆ ಯಾರೂ ನದಿಗೆ ಇಳಿಯತಕ್ಕದ್ದಲ್ಲ. ಈ ಮಾಹಿತಿಯನ್ನು ಪಯಣದ ವ್ಯವಸ್ಥಾಪಕರು ಪ್ರತಿದಿನವೂ ಪಡೆಯುತ್ತಾರೆಯೇ ಎಂದು ಕೇಳುವುದು ಪ್ರವಾಸಿಯ ಹಕ್ಕು ಮಾತ್ರವಲ್ಲ, ಕರ್ತವ್ಯ.

ಇನ್ನೊಂದು ಮಾತು. ದಾಂಡೇಲಿಯ ಸುತ್ತಣ ನಿಧಾನವಾದ ಮಡುಗಳಲ್ಲಿ ಮೊಸಳೆಗಳು ವಾಸಿಸುತ್ತವೆ. ತೆಪ್ಪದ ಪಯಣ ಮುಗಿದ ಉತ್ಸಾಹದಲ್ಲಿ ಎಲ್ಲೆಂದರಲ್ಲಿ ಈಜಲು ಇಳಿಯುವುದು ವಿವೇಕವಲ್ಲ. ನೊರೆಯುಕ್ಕುವ ನೀರು ತನ್ನ ಅಪಾಯವನ್ನು ಕೂಗಿ ಹೇಳುತ್ತದೆ. ಸುಮ್ಮನಿರುವ ನೀರು ಹೇಳುವುದಿಲ್ಲ.

ನೊರೆನೀರಿನ ಸ್ವಭಾವ

ನದಿಯ ಪಾತ್ರವು ಕಿರಿದಾದಾಗ, ಇಳಿಜಾರು ಹೆಚ್ಚಿದಾಗ, ಅಥವಾ ತಳದಲ್ಲಿ ಬಂಡೆಗಳು ಎದ್ದುನಿಂತಾಗ ನೀರು ವೇಗ ಪಡೆದು ಒಡೆಯುತ್ತದೆ. ಒಡೆದ ನೀರಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆ ಗಾಳಿಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ನೀರು ಬೆಳ್ಳಗೆ ಕಾಣುತ್ತದೆ. ಈ ಬಿಳುಪು ಬರಿಯ ಚೆಲುವಲ್ಲ. ಗಾಳಿ ಬೆರೆತ ನೀರು ಅಪ್ಪಟ ನೀರಿನಷ್ಟು ಬಲವಾಗಿ ದೇಹವನ್ನು ಎತ್ತಿ ಹಿಡಿಯಲಾರದು. ಕೆರೆಯಲ್ಲಿ ಸರಾಗವಾಗಿ ತೇಲುವ ಈಜುಗಾರನು ನೊರೆಯಲ್ಲಿ ಮುಳುಗುವುದು ಈ ಕಾರಣದಿಂದಲೇ. ತಾನು ಈಜು ಬಲ್ಲೆನಾದುದರಿಂದ ಜೀವರಕ್ಷಕ ಕವಚ ಬೇಡವೆನ್ನುವವನಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನೀರಿನ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಘನ ಮೀಟರ್ ನೀರು 1000 ಕಿಲೋಗ್ರಾಂ ತೂಗುತ್ತದೆ. ಹರಿಯುವ ನೀರು ಎದುರಿನ ವಸ್ತುವಿನ ಮೇಲೆ ಹೇರುವ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅಂದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು; ವೇಗ ಮೂರರಷ್ಟಾದರೆ ಒತ್ತಡ ಒಂಬತ್ತರಷ್ಟು. ಮೊಣಕಾಲು ಮುಳುಗುವಷ್ಟೇ ನೀರಿದ್ದರೂ ರಭಸವಿದ್ದಲ್ಲಿ ಗಟ್ಟಿಮುಟ್ಟಾದ ಆಳನ್ನು ಅದು ಕೆಡವಬಲ್ಲದು. ಕೆಡವಿದ ಮೇಲೆ ಏಳಗೊಡದು.

ನದಿಯನ್ನು ಓದಬಲ್ಲವರು ಕೆಲವು ಆಕೃತಿಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತಾರೆ. ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ಹಿಮ್ಮುಖವಾಗಿ ತಿರುಗಿ ತಂಗುವ ಜಾಗವುಂಟು. ತೆಪ್ಪಕ್ಕೂ ಬಿದ್ದವನಿಗೂ ಅದೇ ವಿಶ್ರಾಂತಿಯ ಮನೆ. ಮುಳುಗಿದ ಬಂಡೆಯ ಮೇಲಿಂದ ನೀರು ಕೆಳಕ್ಕೆ ಧುಮುಕಿ ತನ್ನ ಮೇಲೆ ತಾನೇ ಮಗುಚುವ ಜಾಗ ಇನ್ನೊಂದು. ಅಲ್ಲಿ ಸಿಕ್ಕ ವಸ್ತುವನ್ನು ನೀರು ಒಳಕ್ಕೆಳೆದು, ಮೇಲೆತ್ತಿ, ಮತ್ತೆ ಒಳಕ್ಕೆಳೆಯುತ್ತದೆ. ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಾದ ಒಡ್ಡುಗಳ ಕೆಳಗೆ ನೋಟಕ್ಕೆ ನಿರುಪದ್ರವಿಯಾಗಿ ಕಾಣುವ ಇಂಥ ಮಗುಚುನೀರೇ ಅತ್ಯಂತ ಅಪಾಯಕರವಾದುದು. ಬಿದ್ದ ಮರಗಳ ಕೊಂಬೆಗಳು ಮೂರನೆಯವು: ನೀರು ಅವುಗಳ ನಡುವೆ ಜರಡಿಯಲ್ಲಿ ಸೋಸಿದಂತೆ ಹಾದುಹೋಗುತ್ತದೆ, ಮನುಷ್ಯನು ಹಾದುಹೋಗಲಾರನು.

ಆರು ದರ್ಜೆಗಳು

ನೊರೆನೀರಿನ ಕಾಠಿಣ್ಯವನ್ನು ಅಳೆಯಲು ಅಂತಾರಾಷ್ಟ್ರೀಯವಾಗಿ ಆರು ದರ್ಜೆಗಳ ಕ್ರಮವೊಂದು ಬಳಕೆಯಲ್ಲಿದೆ. ಒಂದನೆಯ ದರ್ಜೆಯಲ್ಲಿ ಸಣ್ಣ ಅಲೆಗಳಷ್ಟೇ. ಎರಡನೆಯದರಲ್ಲಿ ದಾರಿ ಸ್ಪಷ್ಟ, ಅಡೆತಡೆ ಅಲ್ಪ. ಮೂರನೆಯ ದರ್ಜೆಯಲ್ಲಿ ಅಲೆಗಳು ಅನಿಯತವಾಗಿ ಏಳುತ್ತವೆ, ತೆಪ್ಪವನ್ನು ಕೌಶಲದಿಂದ ತಿರುಗಿಸಬೇಕಾಗುತ್ತದೆ. ನಾಲ್ಕನೆಯದು ಪ್ರಬಲವಾದ ಮತ್ತು ನುರಿತವರಿಗೆ ತಕ್ಕ ನೀರು. ಐದನೆಯದು ಪರಿಣತರಿಗೂ ಪ್ರಾಣಸಂಕಟ ತರಬಲ್ಲದ್ದು. ಆರನೆಯದು ಪಯಣಕ್ಕೆ ಒಲ್ಲದ್ದೆಂದೇ ಎಣಿಸಿದ ದರ್ಜೆ. ಕಾಳಿಯ ಪಯಣವು ಸಾಮಾನ್ಯವಾಗಿ ಎರಡು, ಮೂರನೆಯ ದರ್ಜೆಗಳಲ್ಲಿ ಬರುತ್ತದೆ. ಆದರೆ ದರ್ಜೆಯೆಂಬುದು ನದಿಗೆ ಹಣೆಯಲ್ಲಿ ಬರೆದ ಬರಹವಲ್ಲ. ನೀರು ಏರಿದಂತೆ ಅದೇ ಇಳಿಜಾರು ಒಂದು ದರ್ಜೆ ಮೇಲೇರಬಹುದು. ಹಾಗೆಯೇ ತಣ್ಣೀರು, ಕಾಡಿನ ನಡುವಣ ದೂರ, ಕತ್ತಲು ಸಮೀಪಿಸುವುದು - ಇವೆಲ್ಲ ಸೇರಿದಾಗ ಸುಲಭದ ದರ್ಜೆಯೂ ಕಠಿಣವಾಗುತ್ತದೆ.

ಋತುವಿನ ವಿಚಾರದಲ್ಲಿಯೂ ನದಿಯಿಂದ ನದಿಗೆ ಭೇದವಿದೆ. ಬರಪೊಳೆಯು ಮುಂಗಾರು ಮಳೆಯಿಂದ ಮೈದುಂಬುವ ಹೊಳೆ. ಅದರ ಪಯಣ ಮಳೆಗಾಲದ್ದು. ಹೃಷೀಕೇಶದ ಗಂಗೆಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಜುಲೈ, ಆಗಸ್ಟ್ ತಿಂಗಳುಗಳ ಪ್ರವಾಹಕಾಲದಲ್ಲಿ ಪಯಣ ನಿಂತಿರುತ್ತದೆ. ಅಲ್ಲಿ ಶಿವಪುರಿಯಿಂದ ಹೃಷೀಕೇಶದವರೆಗಿನ ಸುಮಾರು 16 ಕಿಲೋಮೀಟರಿನ ದಾರಿ ಬಹು ಜನಪ್ರಿಯವಾದುದು. ಹಿಮ ಕರಗಿದ ನೀರಾದುದರಿಂದ ಬಿಸಿಲಿನ ದಿನದಲ್ಲಿಯೂ ಅದು ಕೊರೆಯುತ್ತಿರುತ್ತದೆ.

ಇತಿಹಾಸದ ಒಂದು ಪಾಠ

1869ರಲ್ಲಿ ಅಮೆರಿಕದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ ಎಂಬಾತನು ಒಂಬತ್ತು ಮಂದಿ ಸಂಗಡಿಗರು ಮತ್ತು ನಾಲ್ಕು ಮರದ ದೋಣಿಗಳೊಡನೆ ಗ್ರೀನ್ ಮತ್ತು ಕೊಲರಾಡೊ ನದಿಗಳ ಕಣಿವೆಗಳನ್ನು ಹಾಯ್ದನು. ಅಂತರ್ಯುದ್ಧದಲ್ಲಿ ಅವನು ತನ್ನ ಬಲಗೈಯನ್ನು ಕಳೆದುಕೊಂಡಿದ್ದನು. ಮುಂದೇನಿದೆಯೆಂಬುದನ್ನು ತಿಳಿಸುವ ನಕ್ಷೆ ಯಾವುದೂ ಅವರಲ್ಲಿರಲಿಲ್ಲ. ಪಯಣ ಆರಂಭವಾಗಿ ಕೆಲವೇ ವಾರಗಳಲ್ಲಿ, ದಡಕ್ಕೆ ಬನ್ನಿರೆಂಬ ಸಂಜ್ಞೆಯು ಸಕಾಲದಲ್ಲಿ ಪಾಲನೆಯಾಗದೆ, ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಅದರೊಡನೆ ಆಹಾರದ ದೊಡ್ಡ ಪಾಲೂ ನೀರುಪಾಲಾಯಿತು. ಅನಂತರ ಅವರು ಅಪಾಯದ ಇಳಿಜಾರು ಕಂಡಾಗಲೆಲ್ಲ ದಡ ಹತ್ತಿ ಪರಿಶೀಲಿಸಿದರು. ಬೇಕಾದಲ್ಲಿ ದೋಣಿಗಳನ್ನು ಹಗ್ಗ ಕಟ್ಟಿ ಇಳಿಸಿದರು, ಹೆಗಲ ಮೇಲೆ ಹೊತ್ತು ನಡೆದರು. ಮೂರು ತಿಂಗಳ ತರುವಾಯ ಕಣಿವೆಯಿಂದ ಹೊರಬಂದವರು ಆರು ಮಂದಿ.

ಇದರಿಂದ ಕಲಿಯತಕ್ಕ ಪಾಠಗಳು ಎರಡು. ಸಂಜ್ಞೆಗೆ ತಡವಿಲ್ಲದೆ ಓಗೊಡುವುದು ಒಂದು. ಇಳಿದು ನಡೆಯುವುದು ಅವಮಾನವಲ್ಲವೆಂಬುದು ಇನ್ನೊಂದು. ಇಂದಿನ ಉತ್ತಮ ಮಾರ್ಗದರ್ಶಿಯೂ ನೀರು ಸರಿಯಿಲ್ಲವೆನಿಸಿದರೆ ತಂಡವನ್ನು ದಡದ ಮೇಲೆ ನಡೆಸುತ್ತಾನೆ, ಅಥವಾ ಪಯಣವನ್ನೇ ರದ್ದುಮಾಡುತ್ತಾನೆ. ಅಂಥವನನ್ನು ಹಣ ದಂಡವಾಯಿತೆಂದು ದೂರುವ ಪ್ರವಾಸಿಗಳೇ ಮುಂದಿನ ಅನಾಹುತಕ್ಕೆ ಬೀಜ ಬಿತ್ತುವವರು.

ಮಾರ್ಗದರ್ಶಿ ಸಂಸ್ಥೆಯ ಆಯ್ಕೆ

ಅಗ್ಗದ ದರವೊಂದನ್ನೇ ನೋಡಿ ಸಂಸ್ಥೆಯನ್ನು ಆರಿಸುವುದು ಸಲ್ಲದು. 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಸೂಕ್ತ ನಿಯಮಗಳು ರೂಪುಗೊಳ್ಳುವವರೆಗೆ ಆ ರಾಜ್ಯದಲ್ಲಿ ಇಂಥ ಜಲಕ್ರೀಡೆಗಳನ್ನು ನಿಲ್ಲಿಸಬೇಕೆಂದು ಆದೇಶಿಸಿದುದು, ಈ ಉದ್ಯೋಗಕ್ಕೆ ಕಟ್ಟುಪಾಡು ಎಷ್ಟು ಅವಶ್ಯವೆಂಬುದನ್ನು ತೋರಿಸುತ್ತದೆ. ಮುಂಗಡ ಕೊಡುವ ಮೊದಲು ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.

ಸಂಸ್ಥೆಗೆ ಸರಕಾರದ ಪರವಾನಗಿ ಇದೆಯೇ, ಅದರ ಅವಧಿ ಮುಗಿದಿಲ್ಲವಷ್ಟೆ? ಮಾರ್ಗದರ್ಶಿಗೆ ಪ್ರಥಮ ಚಿಕಿತ್ಸೆ ಮತ್ತು ಜಲರಕ್ಷಣೆಯ ತರಬೇತಿ ಆಗಿದೆಯೇ, ಇದೇ ನದಿಯಲ್ಲಿ ಅವನು ಎಷ್ಟು ಕಾಲ ಕೆಲಸ ಮಾಡಿದ್ದಾನೆ? ಒಂದು ತೆಪ್ಪದಲ್ಲಿ ಎಷ್ಟು ಮಂದಿಯನ್ನು ಕೂರಿಸುತ್ತಾರೆ? ತೆಪ್ಪದೊಡನೆ ರಕ್ಷಣೆಗಾಗಿ ಪ್ರತ್ಯೇಕ ಕಯಾಕ್ ದೋಣಿಯೋ ಎರಡನೆಯ ತೆಪ್ಪವೋ ಬರುತ್ತದೆಯೇ? ಎಸೆಯುವ ಹಗ್ಗದ ಚೀಲ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೆಚ್ಚಿನ ಹುಟ್ಟು ಇವೆಯೇ? ಆಪತ್ತು ಬಂದರೆ ಗಾಯಗೊಂಡವನನ್ನು ಯಾವ ಜಾಗದಲ್ಲಿ ದಡ ಹತ್ತಿಸಿ, ಯಾವ ದಾರಿಯಿಂದ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ? ವಿಮೆ ಇದೆಯೇ?

ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಡುವ ಸಂಸ್ಥೆಯನ್ನು ನಂಬಬಹುದು. ನಕ್ಕು ತಳ್ಳಿಹಾಕುವವರನ್ನು ನಾವೂ ತಳ್ಳಿಹಾಕಬೇಕು. ಆರರಿಂದ ಎಂಟು ಮಂದಿಗೆ ತಕ್ಕ ತೆಪ್ಪದಲ್ಲಿ ಹನ್ನೆರಡು ಮಂದಿಯನ್ನು ತುಂಬುವ ಕಡೆ, ಎಷ್ಟೇ ದೂರದಿಂದ ಬಂದಿದ್ದರೂ, ಹತ್ತದೆ ಹಿಂದಿರುಗುವುದೇ ಲೇಸು. ಭಾರ ಹೆಚ್ಚಾದ ತೆಪ್ಪ ಹುಟ್ಟಿನ ಮಾತು ಕೇಳುವುದಿಲ್ಲ; ಬಂಡೆಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದಿಲ್ಲ.

ದೇಹ ಮತ್ತು ಉಡುಪು

ಈಜು ಬಾರದವರೂ ಸುಲಭ ದರ್ಜೆಯ ಪಯಣದಲ್ಲಿ ಭಾಗವಹಿಸಬಹುದು. ಆದರೆ ಮುಖದ ಮೇಲೆ ನೀರು ಬಿದ್ದಾಗ ಗಾಬರಿಗೊಳ್ಳದಿರುವ ಅಭ್ಯಾಸ ಅವಶ್ಯ. ಹೊರಡುವ ಒಂದೆರಡು ತಿಂಗಳ ಮೊದಲಿಂದ, ಬಲ್ಲವರ ಕಣ್ಗಾವಲಿನಲ್ಲಿ, ಈಜುಕೊಳದಲ್ಲಿ ಉಸಿರು ಬಿಗಿಹಿಡಿದು ಮುಳುಗುವುದನ್ನೂ ಅಂಗಾತ ತೇಲುವುದನ್ನೂ ರೂಢಿಸಿಕೊಳ್ಳಬೇಕು. ಹೃದ್ರೋಗ, ಮೂರ್ಛೆರೋಗ ಉಳ್ಳವರು, ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಭುಜದ ಕೀಲು ತಪ್ಪಿದ ಇತಿಹಾಸವುಳ್ಳವರು ವೈದ್ಯರ ಅನುಮತಿಯಿಲ್ಲದೆ ಹೋಗತಕ್ಕದ್ದಲ್ಲ. ಉಬ್ಬಸವುಳ್ಳವರು ತಮ್ಮ ಔಷಧವನ್ನು ನೀರು ಹೋಗದ ಚೀಲದಲ್ಲಿಟ್ಟು ಮಾರ್ಗದರ್ಶಿಗೆ ತಿಳಿಸಿರಬೇಕು. ಮದ್ಯ ಸೇವಿಸಿದವರಿಗೆ ತೆಪ್ಪದಲ್ಲಿ ಸ್ಥಳವಿಲ್ಲ. ಈ ವಿಷಯದಲ್ಲಿ ದಾಕ್ಷಿಣ್ಯ ಕೂಡದು.

ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ದೇಹದ ಶಾಖವನ್ನು ಹೀರುತ್ತದೆ. ತೀರ ತಣ್ಣನೆಯ ನೀರಿಗೆ ಏಕಾಏಕಿ ಬಿದ್ದವನು ತನಗರಿವಿಲ್ಲದೆಯೇ ಏದುಸಿರು ಬಿಡುತ್ತಾನೆ. ಬಾಯಿ ನೀರಿನೊಳಗಿದ್ದರೆ ನೀರನ್ನೇ ಉಸಿರಾಡುತ್ತಾನೆ. ಮೊದಲ ಒಂದು ನಿಮಿಷ ಕೈಕಾಲು ಬಡಿಯದೆ ಉಸಿರನ್ನು ಹತೋಟಿಗೆ ತಂದುಕೊಂಡವನು ಬದುಕಿದನೆಂದೇ ತಿಳಿಯಬೇಕು. ಹತ್ತಿಯ ಬಟ್ಟೆ ನೀರು ಕುಡಿದು ಭಾರವಾಗಿ ಮೈಯನ್ನು ತಣ್ಣಗಾಗಿಸುತ್ತದೆ. ಬೇಗ ಒಣಗುವ ಕೃತಕ ನೂಲಿನ ಅಥವಾ ಉಣ್ಣೆಯ ಉಡುಪು ಮೇಲು. ಸೀರೆ, ಧೋತರ, ದುಪಟ್ಟಾ, ಸಡಿಲವಾದ ಪಂಚೆಗಳು ನಿಷಿದ್ಧ. ಬಳೆ, ಸರ, ಉಂಗುರ, ಕೈಗಡಿಯಾರಗಳನ್ನು ಬಿಚ್ಚಿಟ್ಟು ಹೋಗಬೇಕು. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಬೇಕು. ಕನ್ನಡಕಕ್ಕೆ ದಾರ ಕಟ್ಟಬೇಕು. ಕಾಲಿಗೆ ಪಟ್ಟಿಯುಳ್ಳ ಪಾದರಕ್ಷೆ ಅಥವಾ ಹಳೆಯ ಕ್ಯಾನ್ವಾಸ್ ಬೂಟು ಇರಲಿ. ರಬ್ಬರ್ ಚಪ್ಪಲಿ ಮೊದಲ ಅಲೆಗೇ ಹೊಳೆಯ ಪಾಲು. ಹೊರಡುವ ಎರಡು ಗಂಟೆ ಮೊದಲು ಮಿತವಾದ ಊಟ, ಸಾಕಷ್ಟು ನೀರು. ಒಣಬಟ್ಟೆಯ ಜೊತೆಯೊಂದು ಇಳಿಯುವ ದಡದಲ್ಲಿ ಕಾದಿರಬೇಕು.

ಕವಚ, ಶಿರಸ್ತ್ರಾಣ, ಹುಟ್ಟು

ಜೀವರಕ್ಷಕ ಕವಚವನ್ನು ತೊಡುವುದಷ್ಟೇ ಸಾಲದು, ಬಿಗಿಯಬೇಕು. ಎಲ್ಲ ಕೊಂಡಿಗಳನ್ನು ಹಾಕಿದ ಮೇಲೆ ಇನ್ನೊಬ್ಬರು ಹೆಗಲಪಟ್ಟಿಗಳನ್ನು ಹಿಡಿದು ಬಲವಾಗಿ ಮೇಲಕ್ಕೆ ಎಳೆದು ನೋಡಬೇಕು. ಕವಚವು ಗಲ್ಲಕ್ಕೋ ಕಿವಿಗೋ ಏರಿದರೆ ಅದು ಸಡಿಲವಾಗಿದೆ ಎಂದರ್ಥ. ನೀರಿನಲ್ಲಿ ಅದು ತಲೆಯಿಂದ ಜಾರಿಹೋಗುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಶಿರಸ್ತ್ರಾಣವು ಹಣೆಯನ್ನು ಮುಚ್ಚಿ, ತಲೆಯಾಡಿಸಿದಾಗ ಅಲುಗದಂತಿರಬೇಕು.

ಹುಟ್ಟಿನ ಮೇಲ್ತುದಿಯಲ್ಲಿ ಅಡ್ಡಹಿಡಿಯೊಂದಿರುತ್ತದೆ. ಒಂದು ಅಂಗೈ ಸದಾ ಅದರ ಮೇಲಿರಬೇಕು. ಈ ಪಯಣದಲ್ಲಿ ಮುರಿಯುವ ಹಲ್ಲುಗಳಿಗೂ ಒಡೆಯುವ ತುಟಿಗಳಿಗೂ ಅನೇಕ ವೇಳೆ ಕಾರಣವಾಗುವುದು ಬಂಡೆಯಲ್ಲ, ಪಕ್ಕದವನು ಕೈಬಿಟ್ಟ ಹುಟ್ಟಿನ ಹಿಡಿ. ತೆಪ್ಪದ ಅಂಚಿನ ಮೇಲೆ ಕುಳಿತು, ಪಾದಗಳನ್ನು ಒಳಗಣ ಅಡ್ಡಗೊಳವೆಯ ಕೆಳಗೆ ಊರಬೇಕು. ಊರಬೇಕೇ ಹೊರತು ಸಿಕ್ಕಿಸಬಾರದು; ಬೀಳುವ ಪ್ರಸಂಗ ಬಂದರೆ ಕಾಲು ತಾನಾಗಿ ಬಿಡಿಸಿಕೊಳ್ಳುವಂತಿರಬೇಕು.

ಆಜ್ಞೆಗಳ ಅಭ್ಯಾಸ

ದೇಶದ ಹೆಚ್ಚಿನ ತಾಣಗಳಲ್ಲಿ ಮಾರ್ಗದರ್ಶಿಗಳು ಇಂಗ್ಲಿಷ್ ಆಜ್ಞೆಗಳನ್ನೇ ಬಳಸುತ್ತಾರೆ. "ಫಾರ್ವರ್ಡ್" ಎಂದರೆ ಎಲ್ಲರೂ ಮುಂದಕ್ಕೆ ಹುಟ್ಟು ಹಾಕಬೇಕು, "ಬ್ಯಾಕ್" ಎಂದರೆ ಹಿಂದಕ್ಕೆ, "ಸ್ಟಾಪ್" ಎಂದರೆ ಹುಟ್ಟನ್ನು ಎತ್ತಿ ತೊಡೆಯ ಮೇಲಿಡಬೇಕು. "ಲೆಫ್ಟ್ ಬ್ಯಾಕ್" ಎಂದಾಗ ಎಡಸಾಲು ಹಿಂದಕ್ಕೂ ಬಲಸಾಲು ಮುಂದಕ್ಕೂ ಹಾಕಿದರೆ ತೆಪ್ಪ ಎಡಕ್ಕೆ ತಿರುಗುತ್ತದೆ. "ಗೆಟ್ ಡೌನ್" ಎಂದರೆ ತೆಪ್ಪದೊಳಕ್ಕೆ ಕುಸಿದು ಹೊರಬದಿಯ ಹಗ್ಗವನ್ನು ಹಿಡಿಯಬೇಕು. ತೆಪ್ಪ ಪಕ್ಕಕ್ಕೆ ಬಂಡೆಗೆ ಒತ್ತಿಕೊಂಡಾಗ "ಓವರ್ ಲೆಫ್ಟ್" ಅಥವಾ "ಓವರ್ ರೈಟ್" ಎಂದು ಕೂಗುತ್ತಾರೆ. ಆಗ ಎಲ್ಲರೂ ಹೇಳಿದ ಬದಿಗೆ, ಅಂದರೆ ಬಂಡೆಯ ಕಡೆಗೇ, ತಡಮಾಡದೆ ಬೀಳಬೇಕು. ಬಂಡೆಯನ್ನು ಕಂಡು ದೂರ ಸರಿಯುವುದು ಮನುಷ್ಯನ ಸಹಜ ಪ್ರವೃತ್ತಿ. ಹಾಗೆ ಸರಿದರೆ ಹೊಳೆಯ ಕಡೆಯ ಅಂಚು ತಗ್ಗಿ, ನೀರು ಒಳನುಗ್ಗಿ, ತೆಪ್ಪ ಮಗುಚುತ್ತದೆ.

ಸಹಜ ಪ್ರವೃತ್ತಿಗೆ ವಿರುದ್ಧವಾದುದನ್ನು ಅಭ್ಯಾಸದಿಂದ ಮಾತ್ರ ಸಾಧಿಸಬಹುದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ನದಿಯ ದಡದಲ್ಲಿ ಐದು ನಿಮಿಷ ಕೇಳಿದ ಉಪದೇಶ ನೊರೆಯ ಆರ್ಭಟದಲ್ಲಿ ನೆನಪಿಗೆ ಬಾರದು. ಶಾಲೆಯಿಂದ ಹೊರಡುವ ಮೊದಲೇ ಅಂಗಳದಲ್ಲಿ ಎರಡು ಸಾಲು ಬೆಂಚುಗಳನ್ನು ತೆಪ್ಪದಂತೆ ಜೋಡಿಸಿ, ಕೋಲುಗಳನ್ನು ಹುಟ್ಟುಗಳಾಗಿ ಕೊಟ್ಟು, ವ್ಯಾಯಾಮ ಶಿಕ್ಷಕರು ಈ ಆಜ್ಞೆಗಳನ್ನು ಒಂದು ವಾರ ದಿನಕ್ಕೆ ಹತ್ತು ನಿಮಿಷ ಮಾಡಿಸಲಿ. ಖರ್ಚಿಲ್ಲದ ಈ ಸಿದ್ಧತೆ ಬೆಲೆಬಾಳುವ ಸಲಕರಣೆಗಿಂತ ಹೆಚ್ಚಿನದು. ಎಲ್ಲರೂ ಒಂದೇ ತಾಳದಲ್ಲಿ ಹುಟ್ಟು ಹಾಕದಿದ್ದರೆ ತೆಪ್ಪ ಸಾಗದೆಂಬುದನ್ನು ಮಕ್ಕಳು ಆಡುತ್ತಲೇ ಕಲಿಯುತ್ತಾರೆ.

ನೀರಿಗೆ ಬಿದ್ದಾಗ

ಬಿದ್ದೊಡನೆ ಮೊದಲು ಮಾಡತಕ್ಕದ್ದು ತೆಪ್ಪದ ಹಗ್ಗವನ್ನೋ ಚಾಚಿದ ಹುಟ್ಟನ್ನೋ ಹಿಡಿಯುವ ಯತ್ನ. ತೆಪ್ಪದ ಕೆಳಗೆ ಸಿಲುಕಿದರೆ ಅಂಗೈಗಳನ್ನು ಅದರ ತಳಕ್ಕೆ ಊರಿ, ಒಂದೇ ದಿಕ್ಕಿಗೆ ಕೈ ಸರಿಸುತ್ತ ಹೋದರೆ ಕ್ಷಣಗಳಲ್ಲಿ ಹೊರಬರಬಹುದು. ತೆಪ್ಪ ದೂರ ಸರಿದಿದ್ದರೆ ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಡಬೇಕು. ಎದುರಾಗುವ ಬಂಡೆಗಳಿಗೆ ಆಗ ಪಾದ ತಾಗುತ್ತದೆ, ತಲೆ ತಾಗುವುದಿಲ್ಲ. ಅಲೆಯ ತಗ್ಗಿನಲ್ಲಿ ಉಸಿರೆಳೆದು, ನೆತ್ತಿಯ ಮೇಲೆ ಅಲೆ ಬಂದಾಗ ಬಾಯಿ ಮುಚ್ಚಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಇದು: ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಯತ್ನಿಸಬಾರದು. ತಳದ ಬಂಡೆಗಳ ಸಂದಿಗೆ ಪಾದ ಸಿಕ್ಕಿದರೆ ನೀರಿನ ಒತ್ತಡವು ದೇಹವನ್ನು ಮುಂದಕ್ಕೆ ಬಾಗಿಸಿ ಮುಖವನ್ನು ಮುಳುಗಿಸುತ್ತದೆ. ಸೊಂಟದಷ್ಟು ನೀರಿನಲ್ಲಿ ಬಲಿಷ್ಠರು ಸಾಯುವುದು ಹೀಗೆ. ನಿಂತ ನೀರು ಸಿಕ್ಕುವವರೆಗೆ, ಅಥವಾ ಕೈ ತಳಕ್ಕೆ ತಾಗುವವರೆಗೆ ಮಲಗಿಯೇ ಇರಬೇಕು. ಬಿದ್ದ ಮರದ ಕಡೆಗೆ ನೀರು ಸೆಳೆಯುತ್ತಿದ್ದು ತಪ್ಪಿಸಿಕೊಳ್ಳಲು ದಾರಿಯಿಲ್ಲದಾದಾಗ ಮಾತ್ರ ಈ ಭಂಗಿಯನ್ನು ಬಿಟ್ಟು, ಬೋರಲಾಗಿ ತಲೆಯನ್ನು ಮುಂದು ಮಾಡಿ ಈಜಿ, ಕೊಂಬೆಯ ಮೇಲಕ್ಕೆ ಹತ್ತಬೇಕು.

ರಕ್ಷಕರು ಎಸೆದ ಹಗ್ಗ ಕೈಗೆ ಬಂದರೆ ಹಗ್ಗವನ್ನೇ ಹಿಡಿದು, ಹೆಗಲ ಮೇಲೆ ಹಾಯಿಸಿಕೊಂಡು, ಅಂಗಾತ ಮಲಗಬೇಕು. ಅದನ್ನು ಮುಂಗೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ಬಿಡಬೇಕಾದ ಹೊತ್ತಿನಲ್ಲಿ ಬಿಡಲಾಗದ ಹಗ್ಗ ಉರುಳಾಗುತ್ತದೆ. ಬಿದ್ದವನನ್ನು ತೆಪ್ಪಕ್ಕೆ ಎಳೆದುಕೊಳ್ಳುವವರು ಅವನ ಕೈಯನ್ನಲ್ಲ, ಕವಚದ ಹೆಗಲಪಟ್ಟಿಗಳನ್ನು ಹಿಡಿದು ಹಿಂದಕ್ಕೆ ಒರಗಬೇಕು. ಗೆಳೆಯನು ಬಿದ್ದನೆಂದು ತಾನೂ ಧುಮುಕುವುದು ಸಾಹಸವಲ್ಲ. ಒಬ್ಬನನ್ನು ಉಳಿಸಬೇಕಾದ ಕಡೆ ಇಬ್ಬರನ್ನು ಉಳಿಸುವ ಭಾರವನ್ನು ಅದು ತಂದೊಡ್ಡುತ್ತದೆ.

ಶಾಲೆಯ ಹೊಣೆ

2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ, ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡದ ಮೇಲೆ, ಮೇಲಣ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ನುಗ್ಗಿತು. 24 ಮಂದಿ ವಿದ್ಯಾರ್ಥಿಗಳು ಮತ್ತು ಅವರೊಡನಿದ್ದ ಪ್ರವಾಸ ವ್ಯವಸ್ಥಾಪಕರೊಬ್ಬರು ಕೊಚ್ಚಿಹೋದರು. ಅವರು ತೆಪ್ಪ ಹತ್ತಿದವರಲ್ಲ, ಈಜಲು ಇಳಿದವರಲ್ಲ. ಕಡಿಮೆ ನೀರಿರುವ ಹೊಳೆಯೆಂದು ನಂಬಿ ನಿಂತಿದ್ದವರು. 2016ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಪರಿಹಾರದ ಹೊಣೆಯನ್ನು ವಿದ್ಯುತ್ ಮಂಡಳಿಯ ಮೇಲೆ ಮಾತ್ರವಲ್ಲದೆ ವಿದ್ಯಾರ್ಥಿಗಳನ್ನು ಕಳಿಸಿದ ಕಾಲೇಜಿನ ಮೇಲೆಯೂ ಹೊರಿಸಿತು. ಅಣೆಕಟ್ಟಿನ ಕೆಳಗಣ ನದಿಗೆ ಮಕ್ಕಳನ್ನು ಕರೆದೊಯ್ಯುವ ಪ್ರತಿಯೊಬ್ಬ ಶಿಕ್ಷಕನೂ ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ತೆಪ್ಪದಲ್ಲಿ ಕಳೆಯುವ ಎರಡು ಗಂಟೆಗಳಷ್ಟೇ ಅಲ್ಲ, ಅದಕ್ಕೆ ಮೊದಲು ಮತ್ತು ಅನಂತರ ದಡದಲ್ಲಿ ಕಳೆಯುವ ಹೊತ್ತೂ ಕಣ್ಗಾವಲಿನದೇ.

ಇದಕ್ಕಾಗಿ ಕೆಲವು ಕ್ರಮಗಳನ್ನು ಸೂಚಿಸಬಹುದು. ತಂದೆತಾಯಿಗಳಿಂದ ಒಪ್ಪಿಗೆಪತ್ರ ಪಡೆಯುವಾಗ ಬರಿಯ "ಪ್ರವಾಸ" ಎಂದು ಬರೆಯದೆ, ನದಿಯ ಹೆಸರು, ದರ್ಜೆ, ಅಪಾಯ, ಸಂಸ್ಥೆಯ ವಿವರಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ತಿಳಿಯದೆ ಹಾಕಿದ ರುಜು ಒಪ್ಪಿಗೆಯಲ್ಲ. ಪ್ರತಿ ವಿದ್ಯಾರ್ಥಿಯ ಆರೋಗ್ಯದ ವಿವರ ಜೊತೆಯಲ್ಲಿರಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನ ಲೆಕ್ಕವನ್ನು ಇನ್ನೊಬ್ಬನು ಕೊಡುವಂತೆ ಏರ್ಪಡಿಸಬೇಕು. ನೀರಿಗೆ ಇಳಿಯುವ ಮೊದಲು, ಪ್ರತಿ ತಂಗುದಾಣದಲ್ಲಿ, ದಡ ಹತ್ತಿದ ಮೇಲೆ ತಲೆ ಎಣಿಸಬೇಕು. ಒಬ್ಬ ಶಿಕ್ಷಕರು ತೆಪ್ಪ ಹತ್ತದೆ, ವಾಹನ ಮತ್ತು ದೂರವಾಣಿ ಸಂಖ್ಯೆಗಳೊಡನೆ ದಡದಲ್ಲಿಯೇ ಉಳಿಯಬೇಕು. ಕಾಡಿನ ನಡುವೆ ಎಲ್ಲ ಕಡೆಯೂ ಮೊಬೈಲ್ ಸಂಪರ್ಕ ದೊರೆಯದೆಂಬುದನ್ನು ಮೊದಲೇ ಎಣಿಸಿರಬೇಕು. ಶಿಕ್ಷಕರ ತರಬೇತಿಗೆ ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂತಹ ಸಂಸ್ಥೆಗಳ ಸಲಹೆಯನ್ನು ಪಡೆಯುವುದು ಉಚಿತ.

ಹೆದರಿದ ಮಗುವನ್ನು ಹುರಿದುಂಬಿಸಬಹುದು, ಹಂಗಿಸಬಾರದು. "ನಾನು ಬರುವುದಿಲ್ಲ" ಎನ್ನುವ ಸ್ವಾತಂತ್ರ್ಯ ಕಡೆಯ ಕ್ಷಣದವರೆಗೂ ಪ್ರತಿಯೊಬ್ಬರಿಗೂ ಇರತಕ್ಕದ್ದು. ತೆಪ್ಪ ಹತ್ತದೆ ದಡದಲ್ಲಿ ಉಳಿದ ಹುಡುಗನನ್ನು ಸಹಪಾಠಿಗಳು ಹೀಯಾಳಿಸದಂತೆ ನೋಡಿಕೊಳ್ಳುವುದು ಕವಚದ ಕೊಂಡಿ ನೋಡುವಷ್ಟೇ ಮುಖ್ಯವಾದ ಕೆಲಸ. ಏಕೆಂದರೆ ನಾಚಿಕೆಯಿಂದ ಹತ್ತಿದವನೇ ಗಾಬರಿಯಲ್ಲಿ ಮೊದಲು ತಪ್ಪುತ್ತಾನೆ.

ಪ್ರವಾಸಗಳಿಗೆ ನೆರವು ನೀಡುವ ದಾನಿಗಳಲ್ಲಿಯೂ, ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಇನ್ನಷ್ಟು ಮಕ್ಕಳನ್ನು ಕಳಿಸುವುದಕ್ಕೆಂದು ಅಗ್ಗದ ವ್ಯವಸ್ಥೆಯನ್ನು ಒಪ್ಪುವುದಕ್ಕಿಂತ, ಕಡಿಮೆ ಮಂದಿಯನ್ನು ತಕ್ಕ ವ್ಯವಸ್ಥೆಯಲ್ಲಿ ಕಳಿಸುವುದು ಮೇಲು. ಊರಿನ ಮಕ್ಕಳಿಗೆ ಈಜು ಕಲಿಸಲು ಒಬ್ಬ ತರಬೇತುದಾರರ ಸಂಬಳವನ್ನು ವಹಿಸಿಕೊಂಡರೆ ಅದರ ಫಲ ಒಂದು ಪ್ರವಾಸಕ್ಕೆ ಮುಗಿಯುವುದಿಲ್ಲ. ಕೆರೆ, ಬಾವಿ, ಕಾಲುವೆಗಳ ಊರುಗಳಲ್ಲಿ ಬೆಳೆಯುವ ಮಕ್ಕಳಿಗೆ ಈಜು ಮನರಂಜನೆಯಲ್ಲ, ಅಕ್ಷರದಷ್ಟೇ ಅಗತ್ಯವಾದ ವಿದ್ಯೆ.

ಇಷ್ಟೆಲ್ಲ ಎಚ್ಚರಿಕೆಯನ್ನು ಓದಿದವರು ಈ ಪಯಣವೇ ಬೇಡವೆಂದುಕೊಳ್ಳಬೇಕಾಗಿಲ್ಲ. ತರಗತಿಯಲ್ಲಿ ಒತ್ತಡ, ವೇಗ, ತೇಲುವಿಕೆಗಳೆಂದು ಬಾಯಿಪಾಠ ಮಾಡಿದುದನ್ನು ಮಗು ಇಲ್ಲಿ ಮೈಯಿಂದ ಕಲಿಯುತ್ತದೆ. ಮುಂದೆ ಕುಳಿತವನ ತಾಳಕ್ಕೆ ತನ್ನ ಹುಟ್ಟನ್ನು ಹೊಂದಿಸುವುದನ್ನು, ಹಿಂದೆ ಕುಳಿತವನ ಮಾತನ್ನು ತಿರುಗಿ ನೋಡದೆ ನಂಬುವುದನ್ನು ಕಲಿಯುತ್ತದೆ. ಸಿದ್ಧತೆಯಿಲ್ಲದೆ ಹೋದವನಿಗೆ ನದಿ ಕೇವಲ ಭಯವನ್ನೋ ಕೇವಲ ಉನ್ಮಾದವನ್ನೋ ಕೊಡುತ್ತದೆ. ಸಿದ್ಧನಾಗಿ ಹೋದವನು ಮಾತ್ರ ನೀರು ಯಾವ ಕಡೆ ತಿರುಗುತ್ತಿದೆ, ಏಕೆ ತಿರುಗುತ್ತಿದೆ ಎಂಬುದನ್ನು ಕಣ್ತೆರೆದು ನೋಡುತ್ತಾನೆ. ಹಾಗೆ ನೋಡಬಲ್ಲ ಮಕ್ಕಳನ್ನು ಕಳಿಸಿ, ಕಳಿಸಿದಷ್ಟೇ ಮಂದಿಯನ್ನು ಮರಳಿ ಮನೆ ಮುಟ್ಟಿಸುವುದೇ ಈ ಸಿದ್ಧತೆಯ ಗುರಿ.